ಕೊಟ್ಟಿಗೆಯ ಗೃಹಪ್ರವೇಶ

ಹಲಸೂರಿನ ಆ ಸಂದಿಯಲ್ಲಿ ಮೂರು ತಲೆಮಾರು ಹಾಲು ಮಾರಿದ ಮನೆತನ ಮುನಿರಾಜಪ್ಪನದು. ಅಂಥವನು ತನ್ನದೇ ಕೊಟ್ಟಿಗೆಯ ಗೃಹಪ್ರವೇಶಕ್ಕೆ ಬಾಡಿಗೆ ಹಸು ಕರೆಸಬೇಕಾಗಿ ಬಂತು. ಇದಕ್ಕಿಂತ ನಗೆಪಾಟಲು ಇನ್ನೇನು ಬೇಕು?

ಮಗಳು ವೈಷ್ಣವಿ ಇಂದಿರಾನಗರದ ಬಾಡಿಗೆ ಮನೆ ಬಿಟ್ಟು ಕೊಟ್ಟಿಗೆಯನ್ನೇ ಮನೆ ಮಾಡಿಕೊಳ್ಳುತ್ತೇನೆ ಎಂದಾಗ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. ಕಲ್ಲುಗೋಡೆ, ತೇಗದ ತೊಲೆ ಹಾಗೇ ಉಳಿದವು. ಹೆಂಚಿನ ನಡುವೆ ಬೆಳಕಿಗೆ ಗಾಜು ಕೂತಿತು. ಗಂಜಲ ಹರಿದುಹೋಗಲೆಂದು ಇಳಿಜಾರಾಗಿದ್ದ ನೆಲ ಮಟ್ಟವಾಯಿತು. ಮೇವಿನ ಗೋದಲಿ ಒಡೆದು ಆ ಗೋಡೆಗೆ ಟೀವಿ ಹಾಕಿದರು.

ಹಿಂದುಗಡೆ ಒಂದು ಹಸುವಿಗಾಗುವಷ್ಟು ಜಾಗ ಬಿಡೋಣ, ಉಳಿದಿರುವ ಒಂದೇ ಹಸು ಕೆಂದಿ ಇರಲಿ ಎಂದವಳೂ ವೈಷ್ಣವಿಯೇ. ನಕ್ಷೆಯಲ್ಲಿ ಅದಕ್ಕೆ ಗೆರೆಯೂ ಬಿದ್ದಿತ್ತು. ಬೇಡವೆಂದು ಹಟ ಹಿಡಿದವನು ಮುನಿರಾಜಪ್ಪ. ಇಷ್ಟು ಚೆಂದದ ಮನೆಗೆ ಬಂದವರು ಸಗಣಿ ವಾಸನೆಗೆ ಮೂಗು ಮುಚ್ಚಿಕೊಂಡರೆ ಮಗಳ ಮರ್ಯಾದೆ ಏನಾಗಬೇಕು ಎಂದು ವಾದ ಹೂಡಿ, ಎಂಟು ವರ್ಷ ಸಾಕಿದ ಕೆಂದಿಯನ್ನು ಕೆ.ಆರ್. ಪುರದ ವೆಂಕಟಸ್ವಾಮಿಗೆ ಕೊಟ್ಟುಬಿಟ್ಟ. ಹೊಸ ಮನೆಗಳ ಪೂಜೆಗೆ ಹಸು ಒದಗಿಸುವುದೇ ವೆಂಕಟಸ್ವಾಮಿಯ ಕಸುಬು. ಹೊಟ್ಟೆ ತುಂಬ ಮೇವು ಸಿಕ್ಕರೆ ದನ ನಾಲ್ಕು ದಿನದಲ್ಲಿ ಎಲ್ಲ ಮರೆಯುತ್ತದೆ ಎಂದು ಮುನಿರಾಜಪ್ಪ ಕಂಡಕಂಡವರಿಗೆ ಹೇಳಿದ. ಎಷ್ಟು ಹೇಳಿದರೂ ಅವನಿಗೇ ನಂಬಿಕೆ ಬರಲಿಲ್ಲ.

ಅದಕ್ಕೇ ಕೆಂದಿಯೊಂದನ್ನು ಬಿಟ್ಟು ಯಾವ ಹಸುವನ್ನಾದರೂ ಕಳಿಸು ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದ. ಪೂಜೆಯ ಬೆಳಗ್ಗೆ ವ್ಯಾನಿನಿಂದ ಇಳಿದದ್ದು ಕೆಂದಿಯೇ. ಮುಹೂರ್ತದ ದಿನ, ಉಳಿದವೆಲ್ಲ ಬೇರೆ ಮನೆಗಳಿಗೆ ಹೋಗಿವೆ ಎಂದು ವೆಂಕಟಸ್ವಾಮಿ ಕೈ ಚೆಲ್ಲಿದ.

ನುಣುಪು ನೆಲ ಕಂಡರೆ ಹಸುಗಳು ಹಿಂಜರಿಯುತ್ತವೆ. ಕೆಂದಿ ಯಾರೂ ಎಳೆಯದೆ ಹೊಸಿಲು ದಾಟಿತು. ಎಂಥ ಶುಭ ಎಂದು ನೆಂಟರು ಮೊಬೈಲ್ ಹಿಡಿದರು. ಅದು ನೇರವಾಗಿ ಟೀವಿಯ ಗೋಡೆಗೆ ಹೋಗಿ, ಗೋದಲಿಯಿದ್ದ ಕಡೆ ಮೂಸಿ ನೋಡಿ, ಕಾಲು ಮಡಚಿ ಮಲಗಿಬಿಟ್ಟಿತು.

ಪೂಜೆ ಮುಗಿದರೂ ಕೆಂದಿ ಏಳಲಿಲ್ಲ. ವೆಂಕಟಸ್ವಾಮಿ ಹಗ್ಗ ಜಗ್ಗಿದ, ಬಾಲ ತಿರುಚಿದ.

"ಇಲ್ಲೇ ಇರ್ಲಿ ಬಿಡಪ್ಪ, ಹಿಂದೆ ಜಾಗ ಮಾಡೋಣ" ಎಂದಳು ವೈಷ್ಣವಿ.

"ಎಲ್ಲಿ ಮಾಡ್ತೀಯಮ್ಮ? ಅಲ್ಲಿ ಬಾತ್‌ರೂಮ್ ಕಟ್ಸಿದೀನಲ್ಲ" ಎಂದ ಮುನಿರಾಜಪ್ಪ.

ವೆಂಕಟಸ್ವಾಮಿಗೆ ಇನ್ನೊಂದು ಪೂಜೆಗೆ ಹೊತ್ತಾಗುತ್ತಿತ್ತು.

"ಅಣ್ಣಾ, ಅದು ನಿಮ್ಮ ಮಾತೇ ಕೇಳೋದು. ನೀವೇ ಕರ್ಕೊಂಡ್ಬಂದ್ಬಿಡಿ."

ಮುನಿರಾಜಪ್ಪ ಪಕ್ಕದಲ್ಲಿ ಕೂತು ಬೆನ್ನು ಸವರಿ, ಬಾಮ್ಮ ಎಂದ. ಕೆಂದಿ ತಟ್ಟನೆ ಎದ್ದಿತು. ಅವನ ಅಂಗಿಯ ತುದಿ ನೆಕ್ಕುತ್ತ ಹೊಸಿಲು ದಾಟಿತು, ಸಂದಿಯುದ್ದಕ್ಕೂ ಹಿಂದೆಯೇ ಬಂತು. ವ್ಯಾನಿನ ಹಲಗೆ ಕಂಡು ನಿಂತಿತು. ಅವನು ತಾನೇ ಮೊದಲು ಹತ್ತಿದ. ಅವನು ಹತ್ತಿದನೆಂದು ಅದೂ ಹತ್ತಿತು.

ಆಮೇಲೆ ಅವನು ಪಕ್ಕದಿಂದ ಇಳಿದುಬಿಟ್ಟ.