ಹಿಂದಿನ ಎಡ ಸ್ಪೀಕರ್

ಕಾರು ನನಗೆ ಮಾರುವಾಗ ಶಿವಕಾಂತ ಹೇಳಿದ್ದು ಎರಡೇ ಮಾತು: ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಸ್ಟೀರಿಯೋ ಸೆಟ್ ಮಾತ್ರ ಬದಲಾಯಿಸಬೇಡಿ. ನಾನು ನಾಲ್ಕು ವರ್ಷ ಕಾದಿದ್ದ ಮಾತು ಇವೆರಡರಲ್ಲಿ ಯಾವುದೂ ಅಲ್ಲ. ಸಿಟ್ಟಿನಲ್ಲಿ ಕೀಲಿಕೈ ಕಿತ್ತುಕೊಂಡಂತೆ ಇಸಿದುಕೊಂಡೆ. ಅವನು ಬೀದರಕ್ಕೆ ವರ್ಗವಾಗಿ ಹೋದ, ವೈಶಾಖದಲ್ಲಿ ಮದುವೆಯೂ ಆದ. ಅದೇ ಕಾರು ಹೊಡೆದುಕೊಂಡು ಹೋಗಿ ಅವನ ತಲೆಗೆ ಅಕ್ಕಿಕಾಳು ಹಾಕಿ ಬಂದವಳು ನಾನೇ.

ಆ ನಾಲ್ಕು ವರ್ಷ ನಾವು ಮೂವರು ಸಿಂಧನೂರಿನಿಂದ ಲಿಂಗಸುಗೂರಿನ ಕಚೇರಿಗೆ ದಿನಾ ಅವನ ಕಾರಿನಲ್ಲೇ ಹೋಗಿ ಬರುತ್ತಿದ್ದೆವು. ಹೊಡೆಯುವವನು ಶಿವಕಾಂತ. ಅವನ ಪಕ್ಕ ಮೊಣಕಾಲು ನೋವಿನ ಹೆಡ್‌ಕ್ಲರ್ಕ್ ಬಾಲಪ್ಪ. ಹಿಂದೆ ಎಡಕ್ಕೆ ನಾನು, ಬಲಕ್ಕೆ ಮೂವರ ಬುತ್ತಿ ಚೀಲ. ಹಾಡು ಬರುತ್ತಿದ್ದದ್ದು ನನ್ನ ಮೊಣಕೈ ಹತ್ತಿರದ ಬಾಗಿಲಿನಿಂದ ಮಾತ್ರ. ಮುಂದೆ ಏನೂ ಕೇಳುವುದಿಲ್ಲವೆಂದು ಬಾಲಪ್ಪ ಮಸ್ಕಿ ಬರುವವರೆಗೂ ಗೊಣಗುತ್ತಿದ್ದರು. ಮುಂದಿನ ಸ್ಪೀಕರ್ ಸುಟ್ಟಿವೆ, ಬರುವ ತಿಂಗಳು ಹಾಕಿಸುತ್ತೇನೆ ಎಂದು ಶಿವಕಾಂತ ನಾಲ್ಕು ವರ್ಷವೂ ಅದನ್ನೇ ಹೇಳಿದ. ಎಂಥ ಜಿಪುಣನಪ್ಪಾ ಎಂದು ನಾನೂ ನಕ್ಕಿದ್ದೇನೆ.

ಜಿಪುಣನಾಗಲಿ, ಮೂಕನಾಗಲಿ, ನನಗೆ ಅವನು ಬೇಕಾಗಿದ್ದ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನನ್ನ ಕಪ್ಪನ್ನು ತಾನೇ ತಂದು ಕಿಟಕಿಯಲ್ಲಿ ಕೊಡುತ್ತಿದ್ದ. ಇವತ್ತು ಹೇಳುತ್ತಾನೆ, ಇವತ್ತು ಹೇಳುತ್ತಾನೆ ಎಂದು ನಾನು ಅವನ ಮುಖ ನೋಡುತ್ತಿದ್ದೆ. ಅವರ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ತುತ್ತು ಎತ್ತುವುದಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ. ಎರಡೂ ಮನೆಯವರು ಏನೆನ್ನುತ್ತಾರೆ, ಊರು ಏನೆನ್ನುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಗಂಡಸು, ಮೊದಲು ಅವನೇ ಬಾಯಿ ಬಿಡಲಿ ಎಂದು ಹಟ ಹಿಡಿದೆ. ನನ್ನ ಹಟಕ್ಕಿಷ್ಟು ಬೆಂಕಿ ಬೀಳಲಿ.

ಈಗ ಬಾಲಪ್ಪ ನಿವೃತ್ತರು. ನಾನೊಬ್ಬಳೇ ಹೋಗಿ ಬರುತ್ತೇನೆ. ಹೊಡೆಯುವ ಸೀಟಿಗೆ ಬಂದ ಮೇಲೆ ಹಾಡು ಪಕ್ಕದ ಮನೆಯ ರೇಡಿಯೊದಂತೆ ಎಲ್ಲೋ ಹಿಂದೆ ಕೇಳುತ್ತದೆ. ಎಂಟು ತಿಂಗಳು ತಡೆದೆ. ಕೊನೆಗೆ ಹೋದ ಭಾನುವಾರ ಗಂಗಾವತಿ ರಸ್ತೆಯ ಲಾಲ್‌ಸಾಬ್‌ನ ಕಾರ್ ಸ್ಟೀರಿಯೋ ಅಂಗಡಿಗೆ ಒಯ್ದು, ಮುಂದಿನ ಸ್ಪೀಕರ್ ಎರಡೂ ಹೊಸವು ಹಾಕಿ ಎಂದೆ.

ಅವನು ಮೊದಲು ಟಚ್‌ಸ್ಕ್ರೀನ್ ಸೆಟ್ಟುಗಳನ್ನು ತೋರಿಸಿದ. ಮ್ಯಾಪ್ ಬರುತ್ತದಂತೆ, ರಿವರ್ಸ್ ಕ್ಯಾಮೆರಾ ಬರುತ್ತದಂತೆ, ಫೋನ್ ಮುಟ್ಟದೆ ಮಾತಾಡಬಹುದಂತೆ. ಈ ಹಳೇ ಡಬ್ಬಾ ತೆಗೆದು ಒಗೆಯಿರಿ ಎಂದ. ಡಬ್ಬಾದ ತಂಟೆಗೆ ಹೋದರೆ ಸುಮ್ಮನಿರುವುದಿಲ್ಲ ಎಂದು ನಾನು ಗದರಿದೆ. ಪಾಪ, ಬಾಯಿ ಮುಚ್ಚಿಕೊಂಡು ಕಾರಿನೊಳಗೆ ಕೂತು ಸೆಟ್ಟಿನ ಗುಂಡಿ ಒತ್ತಿ ಒತ್ತಿ ನೋಡಿದ. ಆಮೇಲೆ ನಕ್ಕ.

"ಸ್ಪೀಕರ್ ನಾಕೂ ಚಲೋ ಅದಾವ್ರೀ ಮೇಡಂ. ಸೌಂಡ್ ಎಲ್ಲಾ ಎಡಕ್ಕ ದಬ್ಬ್ಯಾರ, ಮತ್ತ ಹಿಂದಕ್ಕ ದಬ್ಬ್ಯಾರ. ಅದೊಂದ ಸೀಟಿಗೆ ಕೇಳ್ಲಿ ಅಂತ ಯಾರೋ ಬೇಕಂತನ ಮಾಡ್ಯಾರ."

ಕೈತಪ್ಪಿ ಒತ್ತಿರಬೇಕು ಎಂದೆ. ಹಾಗೆ ಆಗುವುದಿಲ್ಲ ಎಂದ. ಬ್ಯಾಟರಿ ಬಿಚ್ಚಿದರೆ ಈ ಸೆಟ್ಟು ಎಲ್ಲ ಮರೆಯುತ್ತದಂತೆ: ಗಡಿಯಾರ, ರೇಡಿಯೊ ಸ್ಟೇಷನ್, ಇದೂ. ನಾಲ್ಕೂ ಸ್ಪೀಕರ್ ಮತ್ತೆ ಸಮ ಆಗಿಬಿಡುತ್ತವೆ. ಬೇಕಾದವರು ಕೂತು ಹೊಸದಾಗಿ ಇಟ್ಟುಕೊಳ್ಳಬೇಕು. ಕೊನೆಗೆ ಬ್ಯಾಟರಿ ಬದಲಾಯಿಸಿದ್ದು ಯಾವಾಗ ಎಂದು ಕೇಳಿದ.

ಕಾರು ನನ್ನ ಕೈಗೆ ಬಂದ ದಿನ ಬೆಳಿಗ್ಗೆ. ನಾಳೆಯಿಂದ ನಾನು ಆ ಸೀಟಿನಲ್ಲಿ ಕೂರುವುದಿಲ್ಲವೆಂದು ಗೊತ್ತಿದ್ದೂ ಶಿವಕಾಂತ ಒಬ್ಬನೇ ಕೂತು ಹಾಡನ್ನು ಅಲ್ಲಿಗೇ ಕಳಿಸಿದ್ದ.

ಅಂಗಡಿಯಿಂದ ಹೊರಗೆ ಬಂದು ಅವನಿಗೆ ಫೋನ್ ಹಚ್ಚಿದೆ. ಬಯ್ಯಬೇಕೆಂದೇ ಹಚ್ಚಿದ್ದು. ಸೌಂಡ್ ನನ್ನ ಸೀಟಿಗೆ ಯಾಕೆ ಇಟ್ಟಿದ್ದಿರಿ ಎಂದು ಕೇಳಿದೆ. ಗೊತ್ತಾಯಿತೇ, ಹಾಗಾದರೆ ಮಧ್ಯಕ್ಕೆ ತರಿಸಿಬಿಡಿ, ಹೊಡೆಯುವವರಿಗೆ ಅದು ಕೇಳುವುದಿಲ್ಲ ಎಂದ.

"ಹಂಗಾರ ನಾಕ ವರ್ಷ ನೀವೇನ್ ಕೇಳಿದ್ರಿ?"

"ಹಾಡಿನ ಜೋಡಿ ನೀವು ಸಣ್ಣಗ ಗುನುಗ್ತಿದ್ರೆಲ್ಲ, ಅದು ಕೇಳ್ತಿತ್ತ್ರೀ."

ಬಯ್ಯಲು ಹಚ್ಚಿದ್ದು ಮರೆತೇಹೋಯಿತು.

"ಹೇಳಬೇಕಿತ್ತಲ್ಲೋ ನೀ," ಎಂದೆ.

ಆ ಕಡೆ ಹೆಣ್ಣು ದನಿಯೊಂದು ಊಟಕ್ಕೆ ಕರೆಯಿತು. ಇಡ್ತೀನ್ರೀ ಎಂದು ಮೆಲ್ಲಗೆ ಹೇಳಿ ಇಟ್ಟುಬಿಟ್ಟ.

ಲಾಲ್‌ಸಾಬ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಸಮ ಮಾಡಲೇ ಎಂದು ಕೇಳಿದ. ಬೇಡ ಎಂದೆ. ಏನು ಹೆಂಗಸಪ್ಪಾ ಎಂದುಕೊಂಡಿರಬೇಕು.

ಮನೆ ಮುಂದೆ ಎಂಜಿನ್ ಆರಿಸಿದೆ, ಹಾಡು ಆರಿಸಲಿಲ್ಲ. ಇಳಿದು ಹಿಂದಿನ ಬಾಗಿಲು ತೆಗೆದು ಎಡ ಸೀಟಿನಲ್ಲಿ ಕೂತೆ. ಎಲ್ಲವೂ ನಿಚ್ಚಳವಾಗಿ ಕೇಳಿತು. ಗುನುಗಲು ಹೋದರೆ ಅಳು ಬಂತು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲವೆಂದು ಅವ್ವ ಹೊರಗೆ ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದಳು.

"ಯಾಕಬೇ ಭಾರತಿ, ಹಿಂದ ಕುಂತೀದಿ?"

"ಗಾಡಿ ಹೊಡಿಯಾಂವ ಇನ್ನಾ ಬಂದಿಲ್ಲಬೇ ಯವ್ವಾ," ಎಂದೆ.