ಜೋಡಿಸದ ತಂತಿ

ನಿವೃತ್ತ ಲೈನ್‌ಮನ್ ಒಬ್ಬ ಹಳೆಯ ವ್ಯಾನನ್ನೇ ಮನೆ ಮಾಡಿಕೊಂಡು ಹೆಂಡತಿಯೊಂದಿಗೆ ಊರೂರು ಸುತ್ತುತ್ತಿದ್ದ. ನಲವತ್ತು ವರ್ಷ ಊರಿಗೆಲ್ಲ ಕರೆಂಟು ಕೊಟ್ಟವನಿಗೆ ಈಗ ಯಾರ ಕರೆಂಟಿನ ಹಂಗೂ ಬೇಕಿರಲಿಲ್ಲ. ಮೇಲೆ ಸೋಲಾರ್ ಪ್ಯಾನೆಲ್, ಸೀಟಿನ ಕೆಳಗೆ ಬ್ಯಾಟರಿ, ಅಷ್ಟೇ. ತನ್ನ ಕೆಲಸದಲ್ಲಿ ಯಾರಾದರೂ ಹುಳುಕು ಹುಡುಕಿದರೆ ಮೂಗಿನ ತುದಿಯಲ್ಲೇ ಕೋಪ.

ಕೆರೆಯ ಪಕ್ಕ ವ್ಯಾನು ನಿಲ್ಲಿಸಿ ಐದು ದಿನವಾಗಿತ್ತು. ಮೋಡ ಕವಿದು ಬಿಸಿಲಿನ ಸುಳಿವೇ ಇರಲಿಲ್ಲ. ಬ್ಯಾಟರಿಯೋ ಒಂದು ದಿನಕ್ಕಿಂತ ಹೆಚ್ಚು ತಾಳುವಂಥದ್ದಲ್ಲ. ಆದರೂ ಫ್ಯಾನು ತಿರುಗುತ್ತಲೇ ಇತ್ತು.

“ಬಿಸಿಲೇ ಇಲ್ಲ, ಇದೆಲ್ಲಿಂದ ಬರ್ತಿದೆ ರೀ?” ಎಂದಳು ಹೆಂಡತಿ.

“ಎಲ್ಲಾ ನನ್ನ ಕೈಗುಣ ಕಣೇ,” ಎಂದು ಬೀಗುತ್ತಾ, ಪ್ಯಾನೆಲ್ ಒರೆಸಲು ಅವನು ಏಣಿ ಹತ್ತಿದ.

ಪ್ಯಾನೆಲಿನ ತಂತಿಯನ್ನು ಅವನು ಜೋಡಿಸಿಯೇ ಇರಲಿಲ್ಲ. ಹೊರಡುವ ಮುನ್ನ ತಾನೇ ಸುತ್ತಿದ್ದ ಕಪ್ಪು ಟೇಪು ಎರಡೂ ತುದಿಗಳಲ್ಲಿ ಹಾಗೇ ಇತ್ತು.

ಟೇಪು ಬಿಚ್ಚಿ ತಂತಿ ಜೋಡಿಸಿದ. ಕೆಳಗೆ ಫ್ಯಾನು ನಿಂತಿತು.

“ಯಾಕ್ರೀ ಆಫ್ ಮಾಡಿದ್ರಿ?”

ಅವನು ತಂತಿ ಬಿಚ್ಚಿ, ಮೊದಲಿನಂತೆಯೇ ಟೇಪು ಸುತ್ತಿದ. ಫ್ಯಾನು ತಿರುಗಲಿಲ್ಲ. ಯಾವ ಸಾಹೇಬನಿಗೂ ತಲೆ ಬಾಗದವನು ವ್ಯಾನಿನ ಮೇಲೆ ಮಂಡಿಯೂರಿ, ಮೆಲ್ಲಗೆ, “ತಪ್ಪಾಯ್ತು,” ಎಂದ.

ಕೆಳಗೆ ಫ್ಯಾನು ತಿರುಗತೊಡಗಿತು.