ಗೋಡೆಯೊಳಗಿನ ಪೈಪು

ಹನುಮಕ್ಕ ಗಂಡನ ಉಗುರುಸಂದಿಗೆ ಸೀಗೆಪುಡಿ ಹಾಕಿ ಉಜ್ಜಿದಳು. ಕೆಂಪು ಬಣ್ಣ ಹೋಗಲಿಲ್ಲ.

"ಬುಡು ಅತ್ಗೆ, ಮಣ್ಣಿಗೋಗೋ ಕೈ," ಎಂದ ನೀರು ಹುಯ್ಯುತ್ತಿದ್ದ ಮೈದುನ ಬೈರಪ್ಪ.

ಚಿಕ್ಕನರಸಯ್ಯ ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡದಲ್ಲಿ ಪೈಪು ನೋಡಿಕೊಂಡಿದ್ದ. ನಿವೃತ್ತನಾಗಿ ಐದು ವರ್ಷದ ಮೇಲೆ ಆ ಕಟ್ಟಡದ ನವೀಕರಣ ಶುರುವಾಯಿತು. ಹಳೆಯ ನಕ್ಷೆ ಯಾರಲ್ಲೂ ಇರಲಿಲ್ಲ. ಗೋಡೆಯೊಳಗೆ ನೀರೆಲ್ಲಿ, ಗ್ಯಾಸೆಲ್ಲಿ ಎಂದು ಬಲ್ಲವನು ಅವನೊಬ್ಬನೇ. ಮತ್ತೆ ಕರೆಸಿಕೊಂಡರು. ಮೂರು ತಿಂಗಳಿಂದ ತನ್ನೂರು ಹೊಳವನಹಳ್ಳಿಯಲ್ಲಿ ದಿನಾ ಬಸ್ಸು ಹತ್ತಿ ಹೋಗಿ, ಗೋಡೆಗಳ ಮೇಲೆ ಕೆಂಪು ಗೀಟು ಎಳೆದು ಬರುತ್ತಿದ್ದ. ನಿನ್ನೆ ಸಂಜೆ ಬಂದು ಜಗಲಿಯ ಮೇಲೆ ಕೂತವನು ಹಾಗೇ ಒರಗಿದ, ಮತ್ತೆ ಏಳಲಿಲ್ಲ.

*

"ಇವತ್ತೊಂದಿನ ಮನೇಲಿರು. ಮೆಟ್ಲತ್ತಿದ್ರೆ ಉಸ್ರು ಕಟ್ತದೆ ಅಂತೀಯ," ಎಂದು ಹನುಮಕ್ಕ ಹೋದ ವಾರ ಹೇಳಿದ್ದಳು.

"ಗೊತ್ತಿಲ್ದೆ ಗ್ಯಾಸ್ ಪೈಪಿಗೆ ಮಿಷನ್ ಇಟ್ರೆ ಹೆಂಗೆ? ಎಲ್ಲಿಂದ್ಲೋ ಬಂದಿರೋ ಕೂಲಿಯೋರು ಅವ್ರು."

ಆಮೇಲೆ ಊಟ ಮುಗಿಯುವವರೆಗೂ ಪೈಪಿನ ಮಾತೇ. ಮದುವೆಯಾದಾಗಿನಿಂದ ಅದೇ. ಕೇಳಿ ಕೇಳಿ ಸೋತು, ತಟ್ಟೆಗೆ ಮುದ್ದೆ ಹಾಕಿ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಅವನು ಹೊರಗೆ ಹೇಳುತ್ತಲೇ ಇರುತ್ತಿದ್ದ.

*

ಕಾಮಗಾರಿಯ ಎಂಜಿನಿಯರ್ ಲೋಹಿತಾ ಹಾರ ತಂದು ಹಾಕಿದಳು. ಕೈಮುಗಿದು ನಿಂತಿರುವಾಗಲೇ ಫೋನು ಬಂತು.

"ಗ್ಯಾಸ್ ಪೈಪ್ ತೂತಾಗಿದ್ಯಂತೆ. ಎಲ್ರನ್ನೂ ಹೊರಗೆ ಕಳ್ಸಿದಾರೆ. ಬಂದ್ ಮಾಡೋ ವಾಲ್ವ್ ಸಿಗ್ತಿಲ್ಲ," ಎಂದಳು ಬೈರಪ್ಪನಿಗೆ.

"ಮ್ಯಾಲಿನ ಲ್ಯಾಬೋ, ಕೆಳಗ್ಲದೋ?" ಹನುಮಕ್ಕ ಹೆಣದ ಪಕ್ಕದಿಂದಲೇ ಕೇಳಿದಳು.

"ಮೇಲಿಂದು."

ಹನುಮಕ್ಕ ಅಂಗಳದ ಮಣ್ಣಿನ ಮೇಲೆ ಬೆರಳಿನಿಂದ ಗೆರೆ ಎಳೆದಳು. "ಇದು ಮೆಟ್ಲು. ಇದ್ರ ಹಿಂದ್ಲು ಗ್ವಾಡೇಲಿ ಮೂರ್ನೇ ಕಿಟ್ಕಿ. ಅದ್ರ ಕೆಳ್ಗೆ ಹಲ್ಗೆ ಹೊಡ್ದವ್ರೆ. ಹಲ್ಗೆ ಕೀಳು ಅನ್ನು."

ಲೋಹಿತಾ ಅದನ್ನೇ ಫೋನಿನಲ್ಲಿ ಹೇಳಿದಳು. ಬಾಗಿಲಲ್ಲಿ ಬಡಿಯುತ್ತಿದ್ದ ತಮಟೆಯವರು ಕೈ ತಡೆದರು.

"ಸಿಕ್ತಂತೆ. ಬಂದ್ ಮಾಡಿದ್ರು." ಲೋಹಿತಾ ಜಗಲಿಗೆ ಒರಗಿದಳು. "ಅಮ್ಮ, ನೀವು ಅಲ್ಲಿಗೆ ಬರ್ತಿದ್ರಾ?"

"ಒಂದಿನಾನೂ ಬಂದಿಲ್ಲ ಕಣಮ್ಮ. ಒಳ್ಗಿದ್ರೂ ಕೇಳುಸ್ತಿತ್ತು." ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆಳಗ್ಲು ಲ್ಯಾಬಿಂದೂ ಯೋಳ್ಬುಡ್ತೀನಿ, ಬರ್ಕೊ."

ಅವಳು ಇನ್ನೊಂದು ಗೋಡೆ ಎಳೆದಳು. ಅದಕ್ಕೆ ನೀರಿನ ಪೈಪು ಸೇರಿಸುವಷ್ಟರಲ್ಲಿ ತಮಟೆ ಮತ್ತೆ ಶುರುವಾಯಿತು. ಬೈರಪ್ಪ ಚಟ್ಟಕ್ಕೆ ಹೆಗಲು ಕೊಟ್ಟ. ಹೊತ್ತವರ ಕಾಲಡಿಯಲ್ಲಿ ಮೊದಲು ಮೆಟ್ಟಿಲು, ಆಮೇಲೆ ಒಂದೊಂದೇ ಕಿಟಕಿ ಅಳಿಸುತ್ತಾ ಹೋಯಿತು.